ಮಿನಿ ಟ್ರ್ಯಾಕ್ಟರ್‌ನಲ್ಲಿ ಲೋ ಯಾವಾಗ, ಹೈ ಯಾವಾಗ: ಕೆಲಸಕ್ಕೆ ತಕ್ಕ ಗೇರ್ ಹಿಡಿಯುವ ಕ್ರಮ

ಹೊಸ ಮಿನಿ ಟ್ರ್ಯಾಕ್ಟರ್ ಮನೆಗೆ ಬಂದ ದಿನ ಗಾಡಿ ತಂದವರು ಹೇಳಿಹೋಗುವುದು ಸಾಮಾನ್ಯವಾಗಿ ಒಂದೇ ಮಾತು: "ಹೊಲಕ್ಕೆ ಲೋ, ರೋಡಿಗೆ ಹೈ." ಅಲ್ಲಿಗೆ ಪಾಠ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಹೊಲದಲ್ಲಿ ಲೋ ಎರಡನೇ ಗೇರ್, ರಸ್ತೆಯಲ್ಲಿ ಹೈ ಟಾಪ್ (ಹೈನ ಕೊನೆಯ ಗೇರ್), ಇವೆರಡರಲ್ಲೇ ಗಾಡಿ ಓಡುತ್ತದೆ. ಮಿಕ್ಕ ಗೇರುಗಳಿಗೂ ದುಡ್ಡು ಕೊಟ್ಟಿರುತ್ತೇವೆ, ಬಳಸುವುದು ಮಾತ್ರ ಇಲ್ಲ.

ಆ ಮಾತು ಪೂರ್ತಿ ತಪ್ಪೇನಲ್ಲ. ಆದರೆ ಒಣಗಿದ ಎರೆ ಭೂಮಿಗೆ ನೇಗಿಲು ಹಾಕುವುದೂ ಹೊಲದ ಕೆಲಸವೇ, ಹದವಾದ ಕೆಂಪು ಮಣ್ಣಿನಲ್ಲಿ ಎಡೆಕುಂಟೆ ಹೊಡೆಯುವುದೂ ಹೊಲದ ಕೆಲಸವೇ. ಎರಡಕ್ಕೂ ಒಂದೇ ಗೇರ್ ಆಗಲ್ಲ. ಲೋಡ್ ತುಂಬಿದ ಟ್ರೇಲರ್ ಕಟ್ಟಿಕೊಂಡು ಘಾಟಿ ಇಳಿಯುವುದೂ ರೋಡಿನ ಕೆಲಸವೇ. ಅಲ್ಲಿ ಹೈ ಟಾಪ್ ಹಾಕಿದರೆ ಜೀವಕ್ಕೇ ಸಂಚಕಾರ.

ನಾನು ಹೇಳುವ ಕ್ರಮ ಇಷ್ಟು. ಹಿಂದೆ ಕಟ್ಟಿದ ಸಾಧನಕ್ಕೆ ಇಂಜಿನ್ ಎಷ್ಟು ತಿರುಗಬೇಕು ಅಂತ ಮೊದಲು ನೋಡಿ. ಆಮೇಲೆ ಗಾಡಿ ಎಷ್ಟು ವೇಗದಲ್ಲಿ ಹೋಗಬೇಕು ಅಂತ ನೋಡಿ. ಈ ಎರಡು ಗೊತ್ತಾದರೆ ಯಾವ ಗೇರ್ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಬಹಳ ಜನ ಮಾಡುವುದು ಇದರ ಉಲ್ಟಾ. ಮೊದಲು ಗೇರ್ ಹಾಕುತ್ತಾರೆ, ಆಮೇಲೆ ವೇಗ ಸರಿಮಾಡಲು ಎಕ್ಸಲರೇಟರ್ ಏರಿಸುತ್ತಾರೆ, ಇಳಿಸುತ್ತಾರೆ. ತಿರುಗುವ ಬ್ಲೇಡಿನಿಂದ ಮಣ್ಣು ಪುಡಿ ಮಾಡುವ ರೋಟವೇಟರ್ ಕಟ್ಟಿದಾಗ ಹೀಗೆ ಮಾಡಿದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಯಾಕೆ ಅಂತ ಮುಂದೆ ಬರುತ್ತದೆ.

ಇಲ್ಲಿ ಹೇಳುವುದೆಲ್ಲ 15ರಿಂದ 30 ಎಚ್‌ಪಿವರೆಗಿನ, ಕ್ಲಚ್ ತುಳಿದು ಗೇರ್ ಬದಲಿಸುವ ಮಿನಿ ಟ್ರ್ಯಾಕ್ಟರ್‌ಗಳ ಬಗ್ಗೆ. ನಮ್ಮ ಅಡಿಕೆ ತೋಟ, ದ್ರಾಕ್ಷಿ ಸಾಲು, ಕಬ್ಬಿನ ಗದ್ದೆಗಳಲ್ಲಿ ಓಡಾಡುವುದು ಇಂಥವೇ.

ಹೆಜ್ಜೆ 1: ಲಿವರ್‌ಗಳ ಲೆಕ್ಕ ತಿಳಿಯಿರಿ

ಇಂಜಿನ್ ಸ್ಟಾರ್ಟ್ ಮಾಡದೆ ಸೀಟಿನ ಮೇಲೆ ಕೂತು ನೋಡಿ. ಮುಖ್ಯ ಗೇರ್ ಲಿವರ್ ಮೇಲೆ 1, 2, 3, ಕೆಲವದರಲ್ಲಿ 4, ಜೊತೆಗೆ ರಿವರ್ಸ್ ಗುರುತು ಇರುತ್ತದೆ. ಇನ್ನೊಂದು ಲಿವರ್ ಹೈ-ಲೋ ಲಿವರ್. ಅದೇ ಗೇರುಗಳನ್ನು ನಿಧಾನದ ಗುಂಪಿಗೋ ಜೋರಿನ ಗುಂಪಿಗೋ ಹಾಕುವುದು ಇದು, ಆ ಗುಂಪಿಗೇ ರೇಂಜ್ ಅನ್ನುವುದು. ಕೆಲವು ಗಾಡಿಗಳಲ್ಲಿ ಅಕ್ಷರದ ಬದಲು ಆಮೆ, ಮೊಲದ ಚಿತ್ರ ಇರುತ್ತದೆ. ಕೆಲವದರಲ್ಲಿ ಮಧ್ಯೆ ಮೀಡಿಯಂ ಕೂಡ ಉಂಟು.

ಎರಡು ಲಿವರ್‌ಗಳ ಲೆಕ್ಕ ಗುಣಿಸಿದರೆ ಒಟ್ಟು ಗೇರ್ ಸಿಗುತ್ತದೆ. ಮೂರು ಗೇರ್, ಎರಡು ರೇಂಜ್ ಇದ್ದರೆ ಮುಂದಕ್ಕೆ 6, ಹಿಂದಕ್ಕೆ 2. ಕುಬೋಟಾ ನಿಯೋಸ್ಟಾರ್ ಬಿ2441 ಗಾಡಿಯಲ್ಲಿ ಮೂರು ಗೇರ್, ಮೂರು ರೇಂಜ್, ಹಾಗಾಗಿ ಮುಂದಕ್ಕೆ 9, ಹಿಂದಕ್ಕೆ 3. ಜಾನ್ ಡೀರ್ 3028ಇಎನ್‌ನಲ್ಲಿ ಮುಂದಕ್ಕೆ 8, ಹಿಂದಕ್ಕೂ 8. ಅದರಲ್ಲಿ ಹಿಂದೆ-ಮುಂದೆ ಹೋಗಲು ಬೇರೆಯೇ ಲಿವರ್ ಇದೆ, ಆದ್ದರಿಂದ ಮುಂದಿನ ಪ್ರತಿ ಗೇರಿಗೂ ಒಂದು ರಿವರ್ಸ್ ಸಿಗುತ್ತದೆ.

ಲೋ ಹಾಕಿದರೆ ಇಂಜಿನ್‌ಗೆ ಹೊಸ ಶಕ್ತಿಯೇನೂ ಬರುವುದಿಲ್ಲ. ಇಂಜಿನ್ ಅಷ್ಟೇ ತಿರುಗುತ್ತದೆ, ಚಕ್ರ ನಿಧಾನ ತಿರುಗುತ್ತದೆ. ನಿಧಾನವಾದಷ್ಟೂ ಚಕ್ರದ ತಿರುಚುವ ಬಲ ಜಾಸ್ತಿ. ಹೈನಲ್ಲಿ ವೇಗ ಜಾಸ್ತಿ, ಬಲ ಕಡಿಮೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಇಂಜಿನ್ ಶಕ್ತಿಯನ್ನು ಸಾಧನಕ್ಕೆ ಕೊಡುವ ಹಿಂದಿನ ಪಿಟಿಒ ಶಾಫ್ಟ್‌ಗೂ ಹೈ-ಲೋ ಲಿವರ್‌ಗೂ ಸಾಮಾನ್ಯವಾಗಿ ಸಂಬಂಧ ಇಲ್ಲ. ಪಿಟಿಒ ತಿರುಗುವುದು ಇಂಜಿನ್ ವೇಗದ ಮೇಲೆ. ನೀವು ಲೋ ಹಾಕಿ, ಹೈ ಹಾಕಿ, ಎಕ್ಸಲರೇಟರ್ ಮುಟ್ಟದಿದ್ದರೆ ರೋಟವೇಟರ್ ಅಷ್ಟೇ ತಿರುಗುತ್ತದೆ. ಅಂದರೆ ಸಾಧನದ ವೇಗವನ್ನು ಎಕ್ಸಲರೇಟರ್ ನೋಡಿಕೊಳ್ಳುತ್ತದೆ, ಗಾಡಿಯ ವೇಗವನ್ನು ಗೇರ್ ನೋಡಿಕೊಳ್ಳಬೇಕು.

ಹೆಜ್ಜೆ 2: ನಿಮ್ಮ ಗಾಡಿಯ ವೇಗ ಅಳೆದು ಬರೆದಿಡಿ

ಮಿನಿ ಟ್ರ್ಯಾಕ್ಟರ್‌ನ ಮೀಟರ್ ಇಂಜಿನ್ ಎಷ್ಟು ತಿರುಗುತ್ತಿದೆ ಅಂತ ತೋರಿಸುತ್ತದೆ, ಹೊಲದಲ್ಲಿ ಎಷ್ಟು ವೇಗ ಹೋಗುತ್ತಿದ್ದೇವೆ ಅಂತ ಬಹುತೇಕ ತೋರಿಸುವುದಿಲ್ಲ. ಮ್ಯಾನ್ಯುಯಲ್‌ನಲ್ಲಿ ಗೇರ್‌ವಾರು ವೇಗದ ಪಟ್ಟಿ ಇರುತ್ತದೆ. ಆದರೆ ಟೈರ್ ಸವೆದಿದ್ದರೆ, ಬೇರೆ ಸೈಜಿನ ಟೈರ್ ಹಾಕಿಸಿದ್ದರೆ ಅದು ಅಷ್ಟು ಕರಾರುವಾಕ್ಕಾಗಿ ಇರುವುದಿಲ್ಲ. ಅಳೆಯುವುದು ಕಷ್ಟವೇನಲ್ಲ.

ಹೊಲದಲ್ಲಿ 20 ಮೀಟರ್ ದೂರಕ್ಕೆ ಎರಡು ಗೂಟ ಹೊಡೆಯಿರಿ. ಮೀಟರ್‌ನಲ್ಲಿ ಪಿಟಿಒ 540 ಅಂತ ಒಂದು ಗುರುತು ಇರುತ್ತದೆ, ಅಂದರೆ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವ ಜಾಗ. ಕೈ ಎಕ್ಸಲರೇಟರ್ ಎಳೆದು ಮುಳ್ಳನ್ನು ಆ ಗುರುತಿಗೆ ನಿಲ್ಲಿಸಿ. ಗುರುತು ಇಲ್ಲದಿದ್ದರೆ ಇಂಜಿನ್‌ನ ಎಷ್ಟು ಆರ್‌ಪಿಎಂನಲ್ಲಿ (ನಿಮಿಷದ ಸುತ್ತು) 540 ಬರುತ್ತದೆ ಅಂತ ಮ್ಯಾನ್ಯುಯಲ್‌ನಲ್ಲಿ ಬರೆದಿರುತ್ತದೆ. ಗಾಡಿಯಿಂದ ಗಾಡಿಗೆ ಇದು ಬೇರೆ. ಮೊದಲ ಗೂಟಕ್ಕಿಂತ ನಾಲ್ಕೈದು ಮೀಟರ್ ಹಿಂದಿನಿಂದಲೇ ಹೊರಡಿ, ವೇಗ ಕೂತಿರಬೇಕು. ಮುಂದಿನ ಚಕ್ರ ಮೊದಲ ಗೂಟಕ್ಕೆ ಬಂದಾಗ ಮೊಬೈಲಿನ ಸ್ಟಾಪ್‌ವಾಚ್ ಒತ್ತಲು ಒಬ್ಬರಿಗೆ ಹೇಳಿ. ಎರಡನೇ ಗೂಟಕ್ಕೆ ಬಂದಾಗ ನಿಲ್ಲಿಸಲಿ.

72ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬಂದದ್ದೇ ಗಂಟೆಗೆ ಎಷ್ಟು ಕಿಲೋಮೀಟರ್ ಅನ್ನುವ ಲೆಕ್ಕ. 36 ಸೆಕೆಂಡ್ ಹಿಡಿದರೆ 2 ಕಿ.ಮೀ. 24 ಸೆಕೆಂಡ್ ಆದರೆ 3. 18 ಆದರೆ 4. 12 ಆದರೆ 6.

ಲೋದ ಎಲ್ಲಾ ಗೇರು, ಹೈನ ಒಂದು, ಎರಡು, ಇಷ್ಟನ್ನು ಅಳೆದರೆ ಸಾಕು. ಚೀಟಿ ಬರೆದು ಮಡ್‌ಗಾರ್ಡ್ ಒಳಬದಿಗೆ ಅಂಟಿಸಿ. ಬಹಳ ಗಾಡಿಗಳಲ್ಲಿ ಲೋ ಟಾಪ್ ಮತ್ತು ಹೈ ಒಂದರ ವೇಗ ಹತ್ತಿರ ಹತ್ತಿರ ಇರುತ್ತದೆ. ಕೆಲವದರಲ್ಲಿ ಲೋ ಟಾಪೇ ಹೈ ಒಂದಕ್ಕಿಂತ ಜೋರು. "ಲೋ ಅಂದರೆ ನಿಧಾನ, ಹೈ ಅಂದರೆ ಜೋರು" ಅಂತ ನಂಬಿಕೊಂಡವರಿಗೆ ಈ ಚೀಟಿ ನೋಡಿದರೆ ಆಶ್ಚರ್ಯ ಆಗುತ್ತದೆ.

ಹೆಜ್ಜೆ 3: ಕೆಲಸ ನೋಡಿ ಗೇರ್ ಹಿಡಿಯಿರಿ

ರೋಟವೇಟರ್‌ನಿಂದಲೇ ಶುರು ಮಾಡೋಣ. ಮಿನಿ ಟ್ರ್ಯಾಕ್ಟರ್ ಮಾಲೀಕರ ಜಗಳವೆಲ್ಲ ಇಲ್ಲೇ ಜಾಸ್ತಿ.

ಇಂಜಿನ್ 540ರ ಗುರುತಿನಲ್ಲಿ ಇರಲಿ, ಅದು ಅಲುಗಬಾರದು. ಗಾಡಿ 2ರಿಂದ 3 ಕಿ.ಮೀ. ವೇಗದಲ್ಲಿ ಹೋಗಲಿ. ಹೆಚ್ಚು ಕಡಿಮೆ ಎತ್ತಿನ ನಡಿಗೆ ಅದು. ಹೆಚ್ಚಿನ ಗಾಡಿಗಳಲ್ಲಿ ಇದು ಲೋ ಎರಡು ಅಥವಾ ಲೋ ಮೂರರಲ್ಲಿ ಸಿಗುತ್ತದೆ, ನಿಮ್ಮ ಚೀಟಿ ನೋಡಿ. ಹಿಂದಿರುಗಿ ನೋಡಿದಾಗ ಹೆಂಟೆ ದೊಡ್ಡದಿದ್ದರೆ ಒಂದು ಗೇರ್ ಇಳಿಸಿ. ಎಕ್ಸಲರೇಟರ್ ಏರಿಸಬೇಡಿ.

ಯಾಕೆ ಅಂದರೆ, ಪ್ರತಿ ಬ್ಲೇಡ್ ಎಷ್ಟು ದಪ್ಪ ಮಣ್ಣು ಕತ್ತರಿಸುತ್ತದೆ ಅನ್ನುವುದು ಗಾಡಿಯ ವೇಗದ ಮೇಲೆ ನಿಂತಿದೆ. ರೋಟವೇಟರ್‌ನ ರೋಟರ್ ನಿಮಿಷಕ್ಕೆ 200 ಸುತ್ತು ತಿರುಗುತ್ತಿದೆ, ಬ್ಲೇಡ್ ಕೂರಿಸುವ ಬಿಲ್ಲೆಯ (ಫ್ಲ್ಯಾಂಜ್) ಒಂದು ಪಕ್ಕಕ್ಕೆ 3 ಬ್ಲೇಡ್ ಇವೆ ಅಂದುಕೊಳ್ಳಿ. ನಿಮಿಷಕ್ಕೆ 600 ಕಡಿತ ಆಯಿತು. ಗಾಡಿ 2.4 ಕಿ.ಮೀ. ವೇಗದಲ್ಲಿದ್ದರೆ ನಿಮಿಷಕ್ಕೆ 40 ಮೀಟರ್ ಮುಂದೆ ಹೋಗುತ್ತದೆ. 40 ಮೀಟರನ್ನು 600ರಿಂದ ಭಾಗಿಸಿದರೆ ಒಂದೊಂದು ಕಡಿತಕ್ಕೆ ಸುಮಾರು 6.7 ಸೆಂ.ಮೀ. ಮಣ್ಣು. ಅದೇ ಗಾಡಿ 3.6 ಕಿ.ಮೀ. ವೇಗದಲ್ಲಿ ಹೋದರೆ ಒಂದು ಕಡಿತಕ್ಕೆ 10 ಸೆಂ.ಮೀ. ಹೆಂಟೆಯೂ ದೊಡ್ಡದು, ಇಂಜಿನ್ ಮೇಲೆ ಭಾರವೂ ಜಾಸ್ತಿ.

ಈಗ ಗೇರ್ ಬದಲಿಸದೆ ಗಾಡಿ ನಿಧಾನ ಮಾಡಲು ಎಕ್ಸಲರೇಟರ್ ಇಳಿಸಿದರೆ? ರೋಟರ್ ಕೂಡ ನಿಧಾನ ಆಗುತ್ತದೆ. ಕಡಿತದ ದಪ್ಪ ಮೊದಲಿನಷ್ಟೇ ಉಳಿಯುತ್ತದೆ. ಮಣ್ಣು ಸಣ್ಣ ಆಗಲ್ಲ, ಇಂಜಿನ್ ಮಾತ್ರ ದಮ್ಮು ಕಟ್ಟುತ್ತದೆ. ರೋಟವೇಟರ್‌ಗೆ ಗೇರೇ ಮದ್ದು ಅನ್ನುವುದು ಇದಕ್ಕೇ.

ಹಾಗಂತ ಯಾವಾಗಲೂ ಲೋ ಒಂದರಲ್ಲೇ ಹೊಡೆಯಬೇಕಿಲ್ಲ. ಮಣ್ಣು ಹಿಟ್ಟಿನ ಹಾಗೆ ಆಗುವವರೆಗೆ ಹೊಡೆದರೆ ಮೊದಲ ಮಳೆಗೇ ಮೇಲ್ಪದರ ಹೆಪ್ಪುಗಟ್ಟುತ್ತದೆ, ಡೀಸೆಲ್ ಖರ್ಚು ಬೇರೆ. ತೋಟದಲ್ಲಿ ಬರೀ ಕಳೆ ಸವರುವ ಕೆಲಸಕ್ಕೆ ಆಳ ಕಡಿಮೆ ಮಾಡಿ, ಒಂದು ಗೇರ್ ಮೇಲೆ ಹೋಗಿ.

ಔಷಧಿ ಹೊಡೆಯುವ ಕೆಲಸದಲ್ಲಿ ಗೇರ್ ಅಂದರೆ ಅಳತೆ ಇದ್ದಂತೆ. ಪಂಪ್ ಪಿಟಿಒದಿಂದ ನಡೆಯುವುದರಿಂದ ನಳಿಕೆಗಳಿಂದ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಬರುತ್ತಲೇ ಇರುತ್ತದೆ. ಗಾಡಿ ಎಷ್ಟು ಬೇಗ ಮುಂದೆ ಹೋಗುತ್ತದೋ ಎಕರೆಗೆ ಅಷ್ಟು ಕಡಿಮೆ ಬೀಳುತ್ತದೆ. ಎಲ್ಲಾ ನಳಿಕೆ ಸೇರಿ ನಿಮಿಷಕ್ಕೆ 8 ಲೀಟರ್, ಹೊಡೆಯುವ ಅಗಲ 3 ಮೀಟರ್ ಅಂತ ಇಟ್ಟುಕೊಳ್ಳಿ. 3 ಕಿ.ಮೀ. ವೇಗದಲ್ಲಿ ಎಕರೆ ಮುಗಿಯಲು 27 ನಿಮಿಷ, 216 ಲೀಟರ್ ಬೀಳುತ್ತದೆ. 4 ಕಿ.ಮೀ. ವೇಗದಲ್ಲಿ ಸುಮಾರು 20 ನಿಮಿಷ, ಬೀಳುವುದು 160 ಲೀಟರ್ ಚಿಲ್ಲರೆ. ಒಂದೇ ಒಂದು ಗೇರಿನ ವ್ಯತ್ಯಾಸಕ್ಕೆ 50 ಲೀಟರ್‌ಗಿಂತ ಜಾಸ್ತಿ ಹೋಯಿತು. ಔಷಧಿ ಹೊಡೆದರೂ ರೋಗ ಹೋಗಲಿಲ್ಲ ಅಂತ ಅಂಗಡಿಯವರ ಮೇಲೆ ಕೂಗಾಡುವ ಮೊದಲು ಯಾವ ಗೇರಿನಲ್ಲಿ ಹೊಡೆದಿರಿ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಸಾಲಿನ ಮಧ್ಯೆ ಗೇರ್ ಬದಲಿಸಬೇಡಿ. ಡ್ರೈವರ್ ಬದಲಾದರೆ ಅವರಿಗೂ ಗೇರ್ ಯಾವುದು, ಮುಳ್ಳು ಎಲ್ಲಿರಬೇಕು ಅಂತ ಹೇಳಿ.

ನೇಗಿಲು, ಕಲ್ಟಿವೇಟರ್‌ಗೆ ಪಿಟಿಒ ಬೇಡ. ಇಲ್ಲಿ ಎಳೆತ ಮುಖ್ಯ. ನೇಗಿಲಿಗೆ ಸಾಮಾನ್ಯವಾಗಿ 3ರಿಂದ 5 ಕಿ.ಮೀ., ಕಲ್ಟಿವೇಟರ್‌ಗೆ 4ರಿಂದ 6 ಕಿ.ಮೀ. ವೇಗ ಸಾಕು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಮಣ್ಣಿಗೆ ಮೊದಲ ಸಲ ಇಳಿಯುವಾಗ ಲೋ ಎರಡರಿಂದ ಶುರು ಮಾಡಿ. ಅದೇ ಹೊಲಕ್ಕೆ ಎರಡನೇ ಸಲ ಕಲ್ಟಿವೇಟರ್ ಹೊಡೆಯುವಾಗ ಲೋ ಟಾಪ್ ಅಥವಾ ಹೈ ಒಂದು ಸಲೀಸಾಗಿ ಎಳೆಯುತ್ತದೆ. ಚಿಕ್ಕ ಗಾಡಿಗೆ ಒಂಬತ್ತು ಗುಳದ ಕಲ್ಟಿವೇಟರ್ ಕಟ್ಟಿ ಲೋ ಒಂದರಲ್ಲಿ ತೆವಳುವುದಕ್ಕಿಂತ ಐದು ಗುಳದ್ದು ಕಟ್ಟಿ ಲೋ ಟಾಪ್‌ನಲ್ಲಿ ಹೋಗುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮಿನಿ ಟ್ರ್ಯಾಕ್ಟರ್‌ಗೆ ತೂಕ ಕಡಿಮೆ. ಅದರಿಂದ ವೇಗದ ಕೆಲಸ ತೆಗೆಯಬಹುದು, ಭಾರದ ಎಳೆತ ತೆಗೆಯುವುದು ಕಷ್ಟ.

ಎಡೆಕುಂಟೆಯಂಥ ಹಗುರ ಕೆಲಸದಲ್ಲಿ ಡೀಸೆಲ್ ಉಳಿಸುವ ಒಂದು ದಾರಿ ಇದೆ. ಲೋ ಟಾಪ್‌ನಲ್ಲಿ ಇಂಜಿನ್ ಪೂರಾ ಏರಿಸಿ ಹೋಗುವ ಬದಲು, ಒಂದು ಗೇರ್ ಮೇಲೆ ಹಾಕಿ ಎಕ್ಸಲರೇಟರ್ ಇಳಿಸಿ. ವೇಗ ಅಷ್ಟೇ, ಸದ್ದು ಕಡಿಮೆ, ಡೀಸೆಲ್ಲೂ ಕಡಿಮೆ. ಗೇರ್ ಹೆಚ್ಚಾಯಿತೇನೋ ಅನ್ನುವ ಅನುಮಾನ ಇದ್ದರೆ ಹೋಗುತ್ತಿರುವಾಗಲೇ ಎಕ್ಸಲರೇಟರ್ ಒಮ್ಮೆ ಜೋರಾಗಿ ಕೊಡಿ. ಇಂಜಿನ್ ತಕ್ಷಣ ಎದ್ದರೆ ಸರಿಯಾಗಿದೆ. ಕಪ್ಪು ಹೊಗೆ ಉಗುಳಿ ಏಳಲು ಒದ್ದಾಡಿದರೆ ಒಂದು ಗೇರ್ ಕೆಳಗೆ ಬನ್ನಿ. ಪಿಟಿಒ ಸಾಧನ ಕಟ್ಟಿದಾಗ ಮಾತ್ರ ಈ ಉಪಾಯ ನಡೆಯಲ್ಲ.

ಕೆಸರು ಗದ್ದೆಯಲ್ಲಿ ಲೋ ರೇಂಜೇ ಸರಿ, ಆದರೆ ಲೋ ಒಂದು ಬೇಡ. ತೀರಾ ನಿಧಾನ ಹೋದರೆ ಚಕ್ರ ಅಲ್ಲೇ ಅಗೆದುಕೊಂಡು ಹೂತುಹೋಗುತ್ತದೆ. ಲೋ ಎರಡು ಅಥವಾ ಮೂರರಲ್ಲಿ ನಿಲ್ಲದೆ ಹೋಗುತ್ತಿರಬೇಕು. ಟ್ರೇಲರ್‌ಗೆ ಸಮತಟ್ಟು ರಸ್ತೆಯಲ್ಲಿ ಹೈ. ಹೊರಡುವಾಗ ಹೈ ಒಂದು ಅಥವಾ ಎರಡು, ಹೊಲದಿಂದ ಲೋಡ್ ಮೇಲೆ ಹತ್ತಿಸಬೇಕಾದರೆ ಲೋ. ಸಾಧನ ಕಟ್ಟಲು ಹಿಂದೆ ಬರುವಾಗ ಯಾವಾಗಲೂ ಲೋ ರಿವರ್ಸ್. ಹೈ ರಿವರ್ಸ್ ಎಷ್ಟು ಜೋರು ಅಂತ ಗೊತ್ತಾಗುವ ಹೊತ್ತಿಗೆ ಹಿಂದೆ ನಿಂತವರು ಸಿಕ್ಕಿಬಿದ್ದಿರುತ್ತಾರೆ.

ಹೆಜ್ಜೆ 4: ರೇಂಜ್ ಬದಲಿಸುವುದು ಹೇಗೆ

ಗಾಡಿ ಪೂರ್ತಿ ನಿಲ್ಲಿಸಿ. ಇದರಲ್ಲಿ ರಾಜಿ ಇಲ್ಲ. ಕೆಲವು ಗಾಡಿಗಳಲ್ಲಿ ಮುಖ್ಯ ಗೇರನ್ನು ಓಡುತ್ತಿರುವಾಗ ಬದಲಿಸಬಹುದು, ಆದರೆ ಹೈ-ಲೋ ಲಿವರ್ ಬಹುತೇಕ ಎಲ್ಲದರಲ್ಲೂ ನಿಂತ ಮೇಲೆ ಹಾಕಬೇಕಾದದ್ದು. ಕ್ಲಚ್ ಪೂರ್ತಿ ತುಳಿಯಿರಿ, ಮುಖ್ಯ ಗೇರ್ ನ್ಯೂಟ್ರಲ್‌ಗೆ ತನ್ನಿ, ರೇಂಜ್ ಹಾಕಿ, ಆಮೇಲೆ ಗೇರ್ ಹಾಕಿ.

ಲಿವರ್ ಕೂರಲಿಲ್ಲ ಅಂದರೆ ಬಲವಂತ ಮಾಡಬೇಡಿ. ಒಳಗೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ, ಅಷ್ಟೇ. ಎಲ್ಲಾ ನ್ಯೂಟ್ರಲ್ ಮಾಡಿ, ಕ್ಲಚ್ ಒಮ್ಮೆ ಬಿಟ್ಟು ಮತ್ತೆ ತುಳಿದು ಹಾಕಿ ನೋಡಿ. ಸಾಮಾನ್ಯವಾಗಿ ಬೀಳುತ್ತದೆ. ಪ್ರತಿ ಸಲವೂ ಕರಕರ ಸದ್ದು ಬರುತ್ತಿದ್ದರೆ ಕ್ಲಚ್ ಪೂರ್ತಿ ಬಿಡಿಸುತ್ತಿಲ್ಲ ಅಂತ ಅರ್ಥ. ಪೆಡಲ್‌ನ ಫ್ರೀ ಪ್ಲೇ (ಕ್ಲಚ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವ ಅಂತರ) ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಇದೆಯಾ ಮೆಕ್ಯಾನಿಕ್ ಕೈಲಿ ನೋಡಿಸಿ.

ಪಿಟಿಒ ಕೆಲಸದ ಮಧ್ಯೆ ಗೇರ್ ಬದಲಿಸುವಾಗ ನಿಮ್ಮದು ಸಿಂಗಲ್ ಕ್ಲಚ್ಚಾ, ಡ್ಯುಯಲ್ ಕ್ಲಚ್ಚಾ ತಿಳಿದಿರಬೇಕು. ಡ್ಯುಯಲ್ ಕ್ಲಚ್‌ನಲ್ಲಿ ಅರ್ಧ ತುಳಿದರೆ ಗಾಡಿ ನಿಲ್ಲುತ್ತದೆ, ಪಿಟಿಒ ತಿರುಗುತ್ತಿರುತ್ತದೆ. ಪೂರ್ತಿ ತುಳಿದರೆ ಅದೂ ನಿಲ್ಲುತ್ತದೆ. ಸಿಂಗಲ್ ಕ್ಲಚ್‌ನಲ್ಲಿ ಎರಡೂ ಒಟ್ಟಿಗೆ ನಿಲ್ಲುತ್ತವೆ. ಅಂಥ ಗಾಡಿಗೆ ಭಾರದ ಬ್ಲೇಡ್ ತಿರುಗುವ ಸಾಧನ ಕಟ್ಟಿದ್ದರೆ ಕ್ಲಚ್ ತುಳಿದ ಮೇಲೂ ತಿರುಗುವ ಬ್ಲೇಡಿನ ರಭಸಕ್ಕೆ ಗಾಡಿ ಒಂದಿಷ್ಟು ಮುಂದೆ ನೂಕಿಸಿಕೊಂಡು ಹೋಗಬಹುದು. ಬದು, ಬೇಲಿ ಹತ್ತಿರ ಬಂದಾಗ ಇದು ನೆನಪಿರಲಿ.

ಹೆಜ್ಜೆ 5: ಗೇರ್ ಸರಿಯಾಯಿತಾ ಅಂತ ಪರೀಕ್ಷೆ ಮಾಡಿ

ಮೊದಲು ಕಿವಿ. ಸಾಧನ ಮಣ್ಣಿಗೆ ಇಳಿದಾಗ ಇಂಜಿನ್ ಸದ್ದು ಸ್ವಲ್ಪ ತಗ್ಗಿ ಮತ್ತೆ ಸ್ಥಿರವಾಗಬೇಕು. ತಗ್ಗುತ್ತಲೇ ಹೋದರೆ ಗೇರ್ ಹೆಚ್ಚಾಯಿತು. ಏನೂ ಬದಲಾಗದಿದ್ದರೆ ಇನ್ನೊಂದು ಗೇರ್ ಮೇಲೆ ಹೋಗಲು ಜಾಗ ಇದೆ. ಆಮೇಲೆ ಕಣ್ಣು. ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಿಡದೆ ಬರುತ್ತಿದ್ದರೆ ಒಂದು ಗೇರ್ ಇಳಿಸಿ ಅಥವಾ ಆಳ ಕಡಿಮೆ ಮಾಡಿ.

ಇಂಜಿನ್ ಆರಾಮಾಗಿದೆ, ಆದರೆ ಟೈರ್ ಜಾರುತ್ತಿದೆ. ಆಗ? ಇಲ್ಲಿ ಎಲ್ಲರೂ ಗೇರ್ ಇಳಿಸುತ್ತಾರೆ. ಗೇರ್ ಇಳಿಸಿದರೆ ಚಕ್ರಕ್ಕೆ ಬಲ ಇನ್ನೂ ಜಾಸ್ತಿ ಬರುತ್ತದೆ, ಹಿಡಿತ ಜಾಸ್ತಿ ಆಗುವುದಿಲ್ಲ. ಮೊದಲಿಗಿಂತ ನಿಧಾನವಾಗಿ ಜಾರುತ್ತದೆ, ಅಷ್ಟೇ.

ಎಷ್ಟು ಜಾರುತ್ತಿದೆ ಅಂತ ಅಳೆಯಬಹುದು. ಹಿಂದಿನ ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಸಾಧನ ಎತ್ತಿಕೊಂಡು ಅದೇ ಹೊಲದಲ್ಲಿ ಚಕ್ರ 10 ಸುತ್ತು ಹೋಗುವಷ್ಟು ದೂರ ಅಳೆಯಿರಿ. 30 ಮೀಟರ್ ಬಂತು ಅನ್ನಿ. ಈಗ ಸಾಧನ ಇಳಿಸಿ, ಕೆಲಸ ಮಾಡುತ್ತಾ ಮತ್ತೆ 10 ಸುತ್ತು. 26 ಮೀಟರ್ ಬಂದರೆ 4 ಮೀಟರ್ ಜಾರಿತು, ಅಂದರೆ ಶೇ 13. ಉತ್ತ ಮಣ್ಣಿನಲ್ಲಿ ಶೇ 10ರಿಂದ 15 ಜಾರುವುದು ಸಹಜ. ಶೇ 20 ದಾಟಿದರೆ ಟೈರೂ ಡೀಸೆಲ್ಲೂ ಸುಮ್ನೆ ಹಾಳು. ಫೋರ್ ವೀಲ್ ಡ್ರೈವ್ ಇದ್ದರೆ ಹಾಕಿ, ಹಿಂದಿನ ಚಕ್ರಕ್ಕೆ ತೂಕ ಕಟ್ಟಿ ಅಥವಾ ಟೈರಿಗೆ ನೀರು ತುಂಬಿಸಿ, ಆಳ ಕಡಿಮೆ ಮಾಡಿ, ಒಂದೆರಡು ಗುಳ ಬಿಚ್ಚಿ. ಟಾರು ರಸ್ತೆಗೆ ಬಂದ ಮೇಲೆ ಫೋರ್ ವೀಲ್ ತೆಗೆಯುವುದು ಮರೆಯಬೇಡಿ. ಇಲ್ಲದಿದ್ದರೆ ಮುಂದಿನ ಟೈರ್ ಬೇಗ ಸವೆಯುತ್ತದೆ, ಆಕ್ಸಲ್‌ಗೂ ಒಳ್ಳೆಯದಲ್ಲ.

ಹೆಜ್ಜೆ 6: ಇಳಿಜಾರು ಮತ್ತು ಹೂತ ಗಾಡಿ

ಮಲೆನಾಡಿನಲ್ಲಿ ತೋಟಕ್ಕೆ ಇಳಿಯುವ ದಾರಿಗಳು ನಿಮಗೆ ಗೊತ್ತೇ ಇವೆ. ಅಲ್ಲಿ ನಿಯಮ ಒಂದೇ: ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್, ಅಥವಾ ಅದಕ್ಕಿಂತ ಒಂದು ಕಡಿಮೆ. ಅದನ್ನೂ ಇಳಿಜಾರು ಶುರುವಾಗುವ ಮೊದಲೇ, ಮೇಲೆ ನಿಂತು ಹಾಕಿಕೊಳ್ಳಬೇಕು.

ಅರ್ಧ ದಾರಿಯಲ್ಲಿ ರೇಂಜ್ ಬದಲಿಸಲು ಹೋದರೆ ಲಿವರ್ ಹೈನಿಂದ ಹೊರಗೆ ಬರುತ್ತದೆ, ಲೋಗೆ ಬೀಳುವುದಿಲ್ಲ. ಚಕ್ರ ಆಗಲೇ ಜೋರಾಗಿ ತಿರುಗುತ್ತಿರುತ್ತದೆ, ಹಲ್ಲು ಕೂರುವುದು ಹೇಗೆ? ಗಾಡಿ ಪೂರ್ತಿ ನ್ಯೂಟ್ರಲ್. ಹಿಂದಿನಿಂದ ಟ್ರೇಲರ್ ತಳ್ಳುತ್ತಿರುತ್ತದೆ. ಟ್ರೇಲರ್‌ಗೆ ಬ್ರೇಕ್ ಇಲ್ಲದಿದ್ದರೆ ಅದು ಟ್ರ್ಯಾಕ್ಟರನ್ನೇ ಅಡ್ಡ ತಿರುಗಿಸಿ ಮಡಚಿಬಿಡುತ್ತದೆ.

ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಬಿಡುವವರೂ ಇದ್ದಾರೆ. ಉಳಿಯಲ್ಲ. ಗೇರಿನಲ್ಲಿದ್ದು ಎಕ್ಸಲರೇಟರ್ ಬಿಟ್ಟು ಇಳಿಯುವಾಗ ಚಕ್ರವೇ ಇಂಜಿನನ್ನು ತಿರುಗಿಸುತ್ತದೆ, ಇಂಜಿನ್ ವೇಗ ನೋಡಿ ಡೀಸೆಲ್ ಬಿಡುವ ಗವರ್ನರ್ ಡೀಸೆಲ್ಲನ್ನು ಹೆಚ್ಚುಕಡಿಮೆ ಪೂರ್ತಿ ಕಟ್ ಮಾಡಿರುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಡೀಸೆಲ್ ಬೇಕೇ ಬೇಕು.

ರಸ್ತೆಗೆ ಬರುವ ಮೊದಲು ಎಡ ಬಲ ಬ್ರೇಕ್ ಪೆಡಲ್‌ಗಳನ್ನು ಒಂದಾಗಿಸುವ ಕೊಂಡಿ ಹಾಕಿ. ಇಳಿಯುವಾಗ ಇಂಜಿನ್ ಜಾಸ್ತಿ ಕೂಗಲು ಶುರುವಾದರೆ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಿ, ಕ್ಲಚ್ ಮುಟ್ಟಬೇಡಿ. ಮಣ್ಣು, ಜಲ್ಲಿ ದಾರಿಯ ಇಳಿಜಾರಿನಲ್ಲಿ ಫೋರ್ ವೀಲ್ ಹಾಕಿದ್ದರೆ ಇಂಜಿನ್ನಿನ ತಡೆ ನಾಲ್ಕೂ ಚಕ್ರಕ್ಕೆ ಸಿಗುತ್ತದೆ.

ಹೂತ ಗಾಡಿಯ ವಿಷಯದಲ್ಲಿ ಲೋ ಗೇರೇ ಅಪಾಯ ತರಬಹುದು. ಹಿಂದಿನ ಚಕ್ರ ಕೆಸರಿನಲ್ಲಿ ಕಚ್ಚಿ ನಿಂತಿದೆ, ನೀವು ಲೋ ಒಂದು ಹಾಕಿ ಎಕ್ಸಲರೇಟರ್ ಕೊಟ್ಟು ಕ್ಲಚ್ ತಟ್ಟನೆ ಬಿಟ್ಟಿರಿ ಅನ್ನಿ. ಚಕ್ರ ತಿರುಗಲು ಆಗದಿದ್ದರೆ ಗಾಡಿಯೇ ಚಕ್ರದ ಸುತ್ತ ತಿರುಗಲು ನೋಡುತ್ತದೆ. ಮೂತಿ ಮೇಲೇಳುತ್ತದೆ. ಅದು ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡ್ ಸಾಕು, ಕ್ಲಚ್ ತುಳಿಯಲು ಸಮಯ ಸಿಗುವುದಿಲ್ಲ. ಚಕ್ರದ ಮುಂದೆ ಮರದ ದಿಮ್ಮಿ ಕಟ್ಟಿ ಮುಂದಕ್ಕೆ ತೆಗೆಯುವ ಸಾಹಸವಂತೂ ಬೇಡ. ಲೋ ರಿವರ್ಸ್ ಹಾಕಿ ನಿಧಾನ ಹಿಂದಕ್ಕೆ ಬನ್ನಿ, ಆಗದಿದ್ದರೆ ಇನ್ನೊಂದು ಗಾಡಿ ಕರೆಸಿ. ಭಾರ ಎಳೆಯುವಾಗ ಸರಪಳಿಯನ್ನು ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೇ (ಡ್ರಾಬಾರ್) ಕಟ್ಟಬೇಕು. ಸಾಧನದ ಮೇಲ್ತುದಿ ಹಿಡಿಯುವ ಟಾಪ್ ಲಿಂಕ್ ಜಾಗಕ್ಕೆ ಕಟ್ಟಿದರೂ ಗಾಡಿ ಇದೇ ಥರ ಮಗುಚುತ್ತದೆ.

ಕೆಲಸ ಮುಗಿದು ಗಾಡಿ ನಿಲ್ಲಿಸುವಾಗಲೂ ರೇಂಜ್ ನೋಡಿ. ಸಾಧನ ನೆಲಕ್ಕೆ ಇಳಿಸಿ, ಇಂಜಿನ್ ನಿಲ್ಲಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಲೋ ಒಂದರಲ್ಲಿ ಬಿಡಿ. ಗಾಡಿಯ ಮೂತಿ ಇಳಿಜಾರಿನ ಕಡೆಗಿದ್ದರೆ ಲೋ ರಿವರ್ಸ್. ಮುಖ್ಯ ಗೇರ್ ಹಾಕಿ ಹೈ-ಲೋ ಲಿವರ್ ಮಧ್ಯದಲ್ಲೇ ಉಳಿದಿದ್ದರೆ ಗಾಡಿ ಗೇರಿನಲ್ಲಿ ಇಲ್ಲದ ಹಾಗೇ ಲೆಕ್ಕ. ಇಳಿಯುವ ಮೊದಲು ಎರಡೂ ಲಿವರ್ ಕೈಯಲ್ಲಿ ಅಲ್ಲಾಡಿಸಿ ನೋಡಿ.